ಒರಗಡಂನಲ್ಲಿ ಅಸ್ತಮಿಸಿದ ಸೂರ್ಯ: ದಟ್ಸನ್ ಎಂಬ ಹೆಸರಿನ ಕತೆ

ಶುಕ್ರವಾರ ರಾತ್ರಿ ಚೆನ್ನೈನಿಂದ ಬೆಂಗಳೂರಿನ ಬಸ್ಸು ಹತ್ತುವ ನಮ್ಮಂಥವರಿಗೆ ಶ್ರೀಪೆರಂಬದೂರು ಗೊತ್ತೇ ಇರುತ್ತದೆ. ರಾಮಾನುಜಾಚಾರ್ಯರು ಹುಟ್ಟಿದ ಊರು. ಅವರು ಅಲ್ಲಿಂದ ಹೊರಟು ನಮ್ಮ ಮೇಲುಕೋಟೆಯವರೆಗೆ ಬಂದರು. ನಾವು ಹೊಟ್ಟೆಪಾಡಿಗೆ ಅದೇ ದಾರಿಯಲ್ಲಿ ಹಿಂದಕ್ಕೆ ಬಂದೆವು. ಆ ಊರು ದಾಟುವಾಗ ಬಸ್ಸಿನ ಕಿಟಕಿಯಿಂದ ಕಾಣುವುದು ಮಾತ್ರ ಗೋಪುರವಲ್ಲ, ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೇರಿಕೊಂಡು ನಿಂತ ಉದ್ದುದ್ದ ಟ್ರೈಲರ್ ಲಾರಿಗಳು. ಅವುಗಳಲ್ಲಿ ಹಲವು ಪಕ್ಕದ ಒರಗಡಂನಿಂದ ಬಂದವು.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮೈಸೂರು ಕಡೆಯ ರಾಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಒಂದು ಕೆಂಪು ದಟ್ಸನ್ ಗೋ ಕೊಂಡಿದ್ದರು. 2022ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡೇ ಕೆಳಗಿಳಿದು ಬಂದರು. "ನೋಡಪ್ಪಾ, ದಟ್ಸನ್ ನಿಲ್ಲಿಸಿಬಿಟ್ಟರಂತೆ. ಕಾರು ಇನ್ನೂ ಗಟ್ಟಿಮುಟ್ಟಾಗಿದೆ, ಅದರ ಹೆಸರೇ ಹೋಯ್ತಲ್ಲ!" ಅಂದರು. ನಗುತ್ತಲೇ ಅಂದರು, ಆದರೆ ದನಿಯಲ್ಲಿ ಏನೋ ಕಳೆದುಕೊಂಡ ಹಾಗಿತ್ತು. ಆಮೇಲೆ ಕೇಳಿದರು: "ಅಷ್ಟಕ್ಕೂ ದಟ್ಸನ್ ಅಂದರೆ ಏನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಟೋಕಿಯೊದಲ್ಲಿ ಹುಟ್ಟಿ, ನಮ್ಮ ಒರಗಡಂನಲ್ಲಿ ಮುಗಿದ ಒಂದು ಶತಮಾನದ ಕತೆ. ನಡುವೆ ಬೆಂಗಳೂರು, ಕೋಲಾರ, ಕೊಡಗು, ಬೀದರಿನ ಗಡಿ, ಮದರಾಸಿನ ಎಣ್ಣೂರು ಎಲ್ಲವೂ ಬಂದು ಹೋಗುತ್ತವೆ.

ಮೂವರು ಗೆಳೆಯರ ಮೊದಲಕ್ಷರ

1911ರಲ್ಲಿ ಟೋಕಿಯೊದಲ್ಲಿ ಮಸುಜಿರೊ ಹಶಿಮೊಟೊ ಎಂಬ ಎಂಜಿನಿಯರ್ 'ಕ್ವಾಯ್‌ಶಿನ್‌ಶಾ' ಎಂಬ ಪುಟ್ಟ ಕಾರ್ಖಾನೆ ತೆರೆದ. ಚುರುಕಾಗಿ ಮುಂದೆ ಸಾಗುವ ಕಂಪನಿ ಎಂಬ ಅರ್ಥದ ಹೆಸರು. ಹಶಿಮೊಟೊ ಅಮೆರಿಕದಲ್ಲಿ ಕೆಲವು ವರ್ಷ ತರಬೇತಿ ಪಡೆದು ಬಂದವನು. ಜಪಾನಿನಲ್ಲೇ ಜಪಾನೀಯರೇ ಕಾರು ಮಾಡಬೇಕು ಎಂಬುದು ಅವನ ಹಟ. ಹಟವಿತ್ತು, ಹಣವಿರಲಿಲ್ಲ. ಅಲ್ಲಿ ಆಗ ಎಂಜಿನ್ನಿಗೆ ಬೇಕಾದ ಎರಕ ಹೊಯ್ಯುವವರು, ಬಿಡಿಭಾಗ ಮಾಡುವವರು ಬೆರಳೆಣಿಕೆಯಷ್ಟು. ಹಾಗಾಗಿ ಬ್ರಿಟನ್ನಿನ ಸ್ವಿಫ್ಟ್ ಎಂಬ ಕಾರನ್ನು ತರಿಸಿ, ಜೋಡಿಸಿ, ಮಾರಿ, ಅದರ ನಡುವೆ ತನ್ನ ಸ್ವಂತ ಕಾರಿನ ಪ್ರಯೋಗ ನಡೆಸುತ್ತಿದ್ದ.

ಅವನ ಬೆನ್ನಿಗೆ ನಿಂತವರು ಮೂವರು. ರಾಜಕಾರಣಿ ಕೆಂಜಿರೊ ಡೆನ್, ಗೆಳೆಯ ರೊಕುರೊ ಅಒಯಾಮಾ, ಉದ್ಯಮಿ ಮೇಟಾರೊ ಟಕೆಯುಚಿ. 1914ರಲ್ಲಿ ಕಾರು ಸಿದ್ಧವಾದಾಗ ಹಶಿಮೊಟೊ ತನ್ನ ಹೆಸರನ್ನು ಇಡಲಿಲ್ಲ. ಹಣ ಕೊಟ್ಟ ಮೂವರ ಮನೆತನದ ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿದ: ಡಿ, ಎ, ಟಿ. 'ಡ್ಯಾಟ್' ಆಯಿತು. ಅದನ್ನೇ ಸ್ವಲ್ಪ ಎಳೆದು ಹೇಳಿದರೆ ಜಪಾನಿ ಭಾಷೆಯಲ್ಲಿ ಬೆದರಿ ಓಡುವ ಮೊಲ ಎಂಬ ಅರ್ಥವೂ ಬರುತ್ತದಂತೆ. ಹೆಸರನ್ನು ಅಕ್ಷರಕ್ಕಿಳಿಸುವುದು ಡಿ.ವಿ.ಜಿ., ಬಿ.ಎಂ.ಶ್ರೀ. ಎನ್ನುವ ನಮಗೇನೂ ಹೊಸದಲ್ಲ. ಆದರೆ ಸಾಲ ಕೊಟ್ಟವರ ಹೆಸರನ್ನು ಕಾರಿನ ಮೂತಿಯ ಮೇಲೆ ಬರೆದವನು ಅಪರೂಪ.

ಆ ಮೂರನೆಯ ಅಕ್ಷರ 'ಟಿ' ನಮಗೆ ತೀರ ಹತ್ತಿರದ್ದು. ಮೇಟಾರೊ ಟಕೆಯುಚಿ, ಮುಂದೆ ಜಪಾನಿನ ಪ್ರಧಾನಿಯಾದ ಶಿಗೆರು ಯೋಶಿಡಾನ ಅಣ್ಣ. ಯೋಶಿಡಾ ದತ್ತು ಹೋಗಿದ್ದರಿಂದ ಮನೆತನದ ಹೆಸರು ಬೇರೆ. ಇದೇ ಟಕೆಯುಚಿ ಕೊಮಾಟ್ಸು ಕಂಪನಿಯ ಸ್ಥಾಪಕನೂ ಹೌದು. ಬೆಂಗಳೂರಿನ ಬಿ.ಇ.ಎಂ.ಎಲ್. ಬಹುಕಾಲ ಕೊಮಾಟ್ಸುವಿನ ತಾಂತ್ರಿಕ ಸಹಯೋಗದಲ್ಲೇ ಬುಲ್‌ಡೋಜರ್ ಮಾಡಿದ್ದು. ಕೆ.ಜಿ.ಎಫ್.ನ ಬೆಮೆಲ್ ನಗರದಲ್ಲಿ ಬೆಳೆದವರಿಗೆ ಆ ಹೆಸರು ಬಾಯಿಪಾಠ. ಇನ್ನೂ ಸೋಜಿಗವೆಂದರೆ ಕೊಮಾಟ್ಸುವಿನ ಕಾರ್ಖಾನೆಯೊಂದು ಇದೇ ಒರಗಡಂನಲ್ಲಿದೆ. ಟಕೆಯುಚಿ ದುಡ್ಡು ಹಾಕಿದ ಎರಡು ಉದ್ಯಮಗಳೂ ನೂರು ವರ್ಷದ ನಂತರ ಕಾಂಚೀಪುರಂ ಜಿಲ್ಲೆಯ ಒಂದೇ ಊರಿನಲ್ಲಿ ಅಕ್ಕಪಕ್ಕ ಬಂದು ಕೂತವು!

ಮಗ ಹೋಗಿ ಸೂರ್ಯನಾದದ್ದು

ಕಾರು ಮಾಡುವುದು ಒಂದು, ಮಾರುವುದು ಇನ್ನೊಂದು. ಡ್ಯಾಟ್ ಕಾರನ್ನು ಕೊಳ್ಳುವವರಿರಲಿಲ್ಲ. 1923ರಲ್ಲಿ ಟೋಕಿಯೊ, ಯೊಕೊಹಾಮಾಗಳನ್ನು ನೆಲಸಮ ಮಾಡಿದ ಮಹಾ ಭೂಕಂಪವಾಯಿತು. ರೈಲು ಹಳಿ, ಟ್ರಾಮು ಎಲ್ಲ ಕಿತ್ತುಹೋದಾಗ ಅಮೆರಿಕದಿಂದ ಫೋರ್ಡ್ ವಾಹನಗಳನ್ನು ತರಿಸಿ ಜನರನ್ನು ಸಾಗಿಸಿದರು. ಜಪಾನಿಗೆ ಮೋಟಾರು ವಾಹನದ ಬೆಲೆ ಗೊತ್ತಾಯಿತು. ಅಮೆರಿಕದವರಿಗೆ ಜಪಾನಿನ ಮಾರುಕಟ್ಟೆಯ ಬೆಲೆ ಗೊತ್ತಾಯಿತು. 1925ರಲ್ಲಿ ಫೋರ್ಡ್ ಯೊಕೊಹಾಮಾದಲ್ಲಿ, 1927ರಲ್ಲಿ ಜನರಲ್ ಮೋಟಾರ್ಸ್ ಒಸಾಕಾದಲ್ಲಿ ಜೋಡಣೆ ಕಾರ್ಖಾನೆ ತೆರೆದವು. ಅವರ ಎದುರು ಹಶಿಮೊಟೊನ ಕಂಪನಿ ಆನೆಯ ಮುಂದಿನ ಆಡಿನಂತಾಯಿತು. 1926ರಲ್ಲಿ ಒಸಾಕಾದ ಇನ್ನೊಂದು ಸಣ್ಣ ಕಂಪನಿಯೊಂದಿಗೆ ವಿಲೀನವಾಗಿ, ಸೈನ್ಯಕ್ಕೆ ಲಾರಿ ಮಾಡಿಕೊಡುತ್ತ ಜೀವ ಹಿಡಿದುಕೊಂಡಿತು.

ಆ ಒಸಾಕಾದ ಕಂಪನಿ ಹುಟ್ಟಿದ್ದು ಒಬ್ಬ ವಲಸಿಗನಿಂದ. ವಿಲಿಯಂ ಗೋರಮ್, ಸ್ಯಾನ್ ಫ್ರಾನ್ಸಿಸ್ಕೊದ ಎಂಜಿನಿಯರ್. ವಿಮಾನದ ಎಂಜಿನ್ ಮಾಡುತ್ತೇನೆಂದು 1918ರಲ್ಲಿ ಹೆಂಡತಿ ಮಕ್ಕಳೊಂದಿಗೆ ಜಪಾನಿಗೆ ಹೋದ. ಆ ಕೆಲಸ ಕೈಗೂಡಲಿಲ್ಲ. ಮೂರು ಚಕ್ರದ ಗಾಡಿಯೊಂದನ್ನು ರೂಪಿಸಿದ, ಅದನ್ನು ಮಾಡಲೆಂದೇ ಒಸಾಕಾದಲ್ಲಿ ಕಂಪನಿ ಶುರುವಾಯಿತು. ಇವನನ್ನು ಮತ್ತೆ ಭೇಟಿಯಾಗೋಣ.

ಜಪಾನ್ ಸರ್ಕಾರ ಆಗ ಒಂದು ನಿಯಮ ತಂದಿತ್ತು: 500 ಸಿ.ಸಿ.ವರೆಗಿನ ಎಂಜಿನ್ ಇರುವ ಗಾಡಿ ಓಡಿಸಲು ಲೈಸೆನ್ಸ್ ಪರೀಕ್ಷೆ ಬೇಕಿಲ್ಲ. ಈ ಸಂದಿಯನ್ನು ಹಿಡಿದು 1931ರಲ್ಲಿ ಕಂಪನಿ 495 ಸಿ.ಸಿ.ಯ ಪುಟಾಣಿ ಕಾರು ತಯಾರಿಸಿತು. ದೊಡ್ಡ ಡ್ಯಾಟ್ ಕಾರಿಗೆ ಹುಟ್ಟಿದ ಕೂಸು, ಹಾಗಾಗಿ 'ಡ್ಯಾಟ್' ಮುಂದೆ ಮಗ ಎನ್ನುವ ಇಂಗ್ಲಿಷಿನ 'ಸನ್' ಸೇರಿಸಿ 'ಡ್ಯಾಟ್ಸನ್' ಎಂದು ಕರೆದರು. ಆದರೆ ಅದನ್ನು ಜಪಾನಿನಲ್ಲಿ ಉಚ್ಚರಿಸಿದರೆ ಕೊನೆಯ ಭಾಗ 'ಸೊನ್' ಎಂದು ಕೇಳಿಸುತ್ತದೆ. 'ಸೊನ್' ಎಂದರೆ ಅಲ್ಲಿ ನಷ್ಟ! ಅಂಗಡಿಯ ಬೋರ್ಡಿನ ಮೇಲೆ 'ನಷ್ಟ' ಎಂದು ಬರೆಸಿಕೊಂಡು ಯಾವ ವ್ಯಾಪಾರಿ ಕೂರುತ್ತಾನೆ? ಒಂದೇ ಇಂಗ್ಲಿಷ್ ಅಕ್ಷರ ಬದಲಿಸಿದರು. ಮಗ ಹೋಗಿ ಸೂರ್ಯ ಬಂದ. ಬಾವುಟದಲ್ಲೂ ಸೂರ್ಯನೇ ಇರುವ ದೇಶಕ್ಕೆ ಅದು ಹೇಳಿ ಮಾಡಿಸಿದ ಹೆಸರು. ರಾಯರ ಪ್ರಶ್ನೆಗೆ ಉತ್ತರ ಇಷ್ಟೇ: ಮೂವರು ಹಿತೈಷಿಗಳು, ಮೇಲೊಬ್ಬ ಸೂರ್ಯ.

ಪದವಿ ಮುಚ್ಚಿಟ್ಟ ಕೂಲಿ

ಅಷ್ಟರಲ್ಲಿ ಕಂಪನಿ ಕೈ ಬದಲಾಗಿತ್ತು. ಕೊಂಡವನು ಯೋಶಿಸುಕೆ ಐಕಾವಾ. ಟೋಕಿಯೊ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರ. ಆದರೆ ಪದವಿಯನ್ನು ಮುಚ್ಚಿಟ್ಟು ಒಂದು ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರನಾಗಿ ಸೇರಿದ. ಆಮೇಲೆ ಅಮೆರಿಕಕ್ಕೆ ಹೋಗಿ ಎರಕದ ಮನೆಯಲ್ಲಿ ಕೂಲಿಯಾಗಿ ದುಡಿದ. ಕಾದ ಕಬ್ಬಿಣದ ಗುಟ್ಟನ್ನು ಕಲಿತು ಬಂದು 1910ರಲ್ಲಿ ಟೊಬಾಟಾ ಎಂಬಲ್ಲಿ ತನ್ನದೇ ಎರಕದ ಕಾರ್ಖಾನೆ ತೆರೆದ. 1928ರಲ್ಲಿ ಬಂಧುವೊಬ್ಬನ ನಷ್ಟದಲ್ಲಿದ್ದ ಗಣಿ ಕಂಪನಿಯನ್ನು ವಹಿಸಿಕೊಂಡು ಅದಕ್ಕೆ 'ನಿಹೊನ್ ಸಾಂಗ್ಯೊ', ಅಂದರೆ ಜಪಾನ್ ಉದ್ಯಮ, ಎಂದು ಹೆಸರಿಟ್ಟ. ಷೇರು ಪೇಟೆಯಲ್ಲಿ ಅದರ ಹೃಸ್ವರೂಪ 'ನಿಸಾನ್'. ಹಿಟಾಚಿ ಕೂಡ ಆಗ ಈ ಬಳಗದ ಕಂಪನಿಯೇ.

1933ರ ಡಿಸೆಂಬರ್‌ನಲ್ಲಿ ಯೊಕೊಹಾಮಾದಲ್ಲಿ ಹೊಸ ಮೋಟಾರು ಕಂಪನಿ ಶುರುವಾಯಿತು. 1934ರಲ್ಲಿ ಅದಕ್ಕೆ ನಿಸಾನ್ ಮೋಟಾರ್ ಎಂಬ ಹೆಸರು ಬಂತು. 1935ರಲ್ಲಿ ಯೊಕೊಹಾಮಾದ ಕಾರ್ಖಾನೆಯಿಂದ ಚಲಿಸುವ ಪಟ್ಟಿಯ ಮೇಲೆ ದಟ್ಸನ್ ಕಾರುಗಳು ಒಂದರ ಹಿಂದೊಂದು ಇಳಿಯತೊಡಗಿದವು. ಆ ಯಂತ್ರಗಳನ್ನು ಆರಿಸಿ, ತರಿಸಿ, ಹೂಡುವುದರಲ್ಲಿ ಕೈ ಜೋಡಿಸಿದವನು ಅದೇ ಗೋರಮ್.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಸರಿಯಾಗಿ ಇದೇ ವರ್ಷಗಳಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಏನು ಮಾಡುತ್ತಿದ್ದರು? ಅವರೂ ಮೋಟಾರು ಕಾರ್ಖಾನೆಯ ಹಿಂದೆಯೇ ಬಿದ್ದಿದ್ದರು! 1898ರಷ್ಟು ಹಿಂದೆಯೇ ಜಪಾನ್ ನೋಡಿ ಬಂದಿದ್ದ ಅವರು, 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು, ಅಮೆರಿಕ ಸುತ್ತಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು. ಮೈಸೂರು ಸಂಸ್ಥಾನ ನೆರವಿಗೆ ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ ಸಿಗಲಿಲ್ಲ. ಬೆಂಗಳೂರಿನಲ್ಲಿ ಆಗಬಹುದಾಗಿದ್ದ ಕಾರ್ಖಾನೆ ಆಗಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ ಕೊನೆಗೆ ಮುಂಬೈಯಲ್ಲಿ ನೆಲೆಯೂರಿತು.

ಜಪಾನಿನಲ್ಲಿ ಆದದ್ದು ತದ್ವಿರುದ್ಧ. 1936ರಲ್ಲಿ ಅಲ್ಲಿನ ಸರ್ಕಾರ ಕಾನೂನೊಂದನ್ನು ತಂದು, ಲೈಸೆನ್ಸ್ ಪಡೆದ ದೇಶೀ ಕಂಪನಿಗಳಿಗಷ್ಟೇ ದಾರಿ ಬಿಟ್ಟಿತು. ಮೊದಲ ಲೈಸೆನ್ಸ್ ಸಿಕ್ಕಿದ್ದು ಟೊಯೊಟಾದವರಿಗೆ ಮತ್ತು ನಿಸಾನ್‌ಗೆ. 1939ರ ಹೊತ್ತಿಗೆ ಫೋರ್ಡ್, ಜಿ.ಎಂ. ಎರಡೂ ತಯಾರಿಕೆ ನಿಲ್ಲಿಸಿದ್ದವು. ಬುದ್ಧಿ ಇಲ್ಲಿಯೂ ಇತ್ತು, ಹಟ ಇಲ್ಲಿಯೂ ಇತ್ತು. ಇಲ್ಲದಿದ್ದದ್ದು ಸ್ವಂತ ಸರ್ಕಾರ.

ಹಾಗೆಂದು ಜಪಾನಿನ ದಾರಿ ಹೂವಿನದಾಗಿರಲಿಲ್ಲ, ಶುಭ್ರವೂ ಆಗಿರಲಿಲ್ಲ. ಆ ಕಾನೂನಿನ ಹಿಂದೆ ಇದ್ದದ್ದು ಸೈನ್ಯದ ಹಸಿವು. ಕಾರು ನಿಂತು ಸೈನ್ಯದ ಲಾರಿಗಳೇ ತಯಾರಾಗತೊಡಗಿದವು. ಐಕಾವಾ 1937ರಲ್ಲಿ ತನ್ನ ಉದ್ಯಮ ಸಾಮ್ರಾಜ್ಯದ ಕೇಂದ್ರವನ್ನೇ ಜಪಾನ್ ಆಕ್ರಮಿಸಿಕೊಂಡಿದ್ದ ಮಂಚೂರಿಯಾಕ್ಕೆ ಒಯ್ದ. ಯುದ್ಧ ಸೋತ ಮೇಲೆ ಅವನನ್ನು ಯುದ್ಧಾಪರಾಧಿ ಎಂಬ ಸಂಶಯದ ಮೇಲೆ ಸೆರೆಯಲ್ಲಿಟ್ಟರು. ವಿಚಾರಣೆಯಿಲ್ಲದೆ ಆಮೇಲೆ ಬಿಟ್ಟರು.

ಗೋರಮ್? ಜಪಾನಿಗೂ ಅಮೆರಿಕಕ್ಕೂ ಯುದ್ಧ ಹತ್ತಿಕೊಳ್ಳುವ ಕೆಲವೇ ತಿಂಗಳ ಮೊದಲು, 1941ರ ಮೇ ತಿಂಗಳಲ್ಲಿ, ಅವನು ಜಪಾನಿನ ಪೌರತ್ವ ಪಡೆದು ಹೆಸರನ್ನೂ ಜಪಾನಿಗೆ ತಕ್ಕಂತೆ ಬದಲಿಸಿಕೊಂಡ. ಹುಟ್ಟಿದ ದೇಶ ಮತ್ತು ಅನ್ನ ಕೊಟ್ಟ ದೇಶ ಎದುರುಬದುರು ನಿಂತಾಗ ಅವನು ಅಲ್ಲೇ ಉಳಿದ. 1949ರಲ್ಲಿ ಅಲ್ಲೇ ತೀರಿಕೊಂಡ. "ನಿಮ್ಮ ಊರು ಯಾವುದು?" ಎಂದು ಕೇಳಿದಾಗಲೆಲ್ಲ ಅರೆಕ್ಷಣ ತಡವರಿಸುವ ನಮಗೆ ಈ ಮನುಷ್ಯನ ಸಂಕಟ ಒಂದಿಷ್ಟಾದರೂ ಅರ್ಥವಾಗಬೇಕು.

ಎಣ್ಣೂರಿನಲ್ಲೂ ಅದೇ ಕಾರು

ಯುದ್ಧದ ನಂತರ ಎಲ್ಲವನ್ನೂ ಮತ್ತೆ ಮೊದಲಿನಿಂದ ಕಲಿಯಬೇಕಿತ್ತು. 1952ರ ಡಿಸೆಂಬರ್‌ನಲ್ಲಿ ನಿಸಾನ್, ಬ್ರಿಟನ್ನಿನ ಆಸ್ಟಿನ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಸ್ಟಿನ್ ಎ40 ಕಾರಿನ ಬಿಡಿಭಾಗ ತರಿಸಿ ಜೋಡಿಸುವುದು, ನಿಧಾನವಾಗಿ ಒಂದೊಂದೇ ಭಾಗವನ್ನು ಅಲ್ಲೇ ತಯಾರಿಸುವುದು. 1953ರಲ್ಲಿ ಜಪಾನಿನಲ್ಲಿ ಮೊದಲ ಆಸ್ಟಿನ್ ಹೊರಬಂತು.

ಚೆನ್ನೈಯವರು ಇಲ್ಲಿ ಕಿವಿ ನಿಮಿರಿಸಬೇಕು. ಅದೇ ಆಸ್ಟಿನ್ ಎ40 ಜಪಾನಿಗಿಂತ ಮೊದಲೇ ಮದರಾಸಿನಲ್ಲಿ ಜೋಡಣೆಯಾಗುತ್ತಿತ್ತು! ರಘುನಂದನ್ ಸರನ್ 1948ರಲ್ಲಿ ಶುರುಮಾಡಿದ ಅಶೋಕ್ ಮೋಟಾರ್ಸ್, 1949ರಿಂದ ಎಣ್ಣೂರಿನಲ್ಲಿ ಈ ಕಾರನ್ನು ಜೋಡಿಸಿ ಮಾರುತ್ತಿತ್ತು. ಅಶೋಕ್ ಎಂಬುದು ಸರನ್ ಅವರ ಮಗನ ಹೆಸರು. ಅಲ್ಲಿ 'ಮಗ'ನನ್ನು ಬಿಟ್ಟು ಸೂರ್ಯನನ್ನು ಹಿಡಿದರು, ಇಲ್ಲಿ ಮಗನ ಹೆಸರೇ ಗಟ್ಟಿಯಾಗಿ ನಿಂತಿತು.

ಎರಡೂ ಕಡೆ ಶುರುವಾದದ್ದು ಒಂದೇ ಕಾರಿನಿಂದ. ಮುಂದೆ ದಾರಿ ಕವಲೊಡೆಯಿತು. ನಿಸಾನ್ 1956ರ ಹೊತ್ತಿಗೆ ಆಸ್ಟಿನ್ನಿನ ಎಲ್ಲ ಭಾಗಗಳನ್ನೂ ಜಪಾನಿನಲ್ಲೇ ತಯಾರಿಸುವ ಹಂತ ತಲುಪಿತು. ಕಲಿತದ್ದನ್ನು ತನ್ನ ದಟ್ಸನ್ನಿಗೆ ಹಾಕಿತು. ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿ, ಕಾರು ಬಿಟ್ಟು ಲಾರಿ, ಬಸ್ಸುಗಳ ದಾರಿ ಹಿಡಿಯಿತು. ನಮ್ಮ ದೇಶಕ್ಕೆ ಆಗ ಬೇಕಾಗಿದ್ದದ್ದೂ ಅದೇ. ಇದರಲ್ಲಿ ಒಬ್ಬರು ಗೆದ್ದರು, ಒಬ್ಬರು ಸೋತರು ಎನ್ನುವ ಹಾಗಿಲ್ಲ. ಆದರೆ ಕಾರಿನ ವಿದ್ಯೆಯಲ್ಲಿ ನಾವು ಕೈಬಿಟ್ಟ ಎಳೆಯನ್ನು ಮತ್ತೆ ಹಿಡಿಯಲು ದಶಕಗಳೇ ಬೇಕಾದವು.

ಜಪಾನಿನ ಆ ಏರಿಕೆಗೆ ಬೆಲೆ ತೆತ್ತವರೂ ಇದ್ದರು. 1953ರಲ್ಲಿ ನಿಸಾನ್‌ನಲ್ಲಿ ನಡೆದ ಸುಮಾರು ನೂರು ದಿನಗಳ ಕಾರ್ಮಿಕ ಹೋರಾಟ ಸೋಲಿನಲ್ಲಿ ಕೊನೆಗೊಂಡಿತು. ಆಡಳಿತಕ್ಕೆ ಒಪ್ಪಿಗೆಯಾಗುವ ಎರಡನೇ ಸಂಘ ಹುಟ್ಟಿ, ಹಳೆಯ ಸಂಘ ಕರಗಿತು. ಜಪಾನಿನ ಕಾರ್ಖಾನೆಗಳ ಶಿಸ್ತನ್ನು ಹೊಗಳುವಾಗ ಈ ಅಧ್ಯಾಯವನ್ನು ಯಾರೂ ಹೇಳುವುದಿಲ್ಲ.

1958ರಲ್ಲಿ ಯುಟಾಕಾ ಕಟಯಾಮಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ಎರಡು ದಟ್ಸನ್ ಕಾರುಗಳು ಆಸ್ಟ್ರೇಲಿಯಾ ಸುತ್ತುವ ರ್‍ಯಾಲಿಗೆ ಹೊರಟವು. ಒಂದು 'ಫುಜಿ', ಇನ್ನೊಂದು 'ಸಕುರಾ'. ಫುಜಿ ತನ್ನ ವರ್ಗದಲ್ಲಿ ಗೆದ್ದಿತು. ಅದೇ ವರ್ಷ ದಟ್ಸನ್ ಅಮೆರಿಕದ ಮಾರುಕಟ್ಟೆಗೆ ಕಾಲಿಟ್ಟಿತು. 1970ರ ಸುಮಾರಿಗೆ 240ಝಡ್ ಕಾರು ಬಂದಾಗ ಅಮೆರಿಕನ್ನರು ಸಾಲುಗಟ್ಟಿ ಕೊಂಡರು. ಆದರೆ 1981ರಲ್ಲಿ ಕಂಪನಿ, ಎಲ್ಲೆಡೆ ನಿಸಾನ್ ಎಂಬ ಒಂದೇ ಹೆಸರಿರಲಿ ಎಂದು ನಿರ್ಧರಿಸಿತು. 1986ರ ಹೊತ್ತಿಗೆ ಸೂರ್ಯ ಮೊದಲ ಸಲ ಮುಳುಗಿದ.

ಜೊಂಗಾ, ಜಹೀರಾಬಾದ್, ಒರಗಡಂ

ನಿಸಾನ್ ನಮ್ಮ ದೇಶಕ್ಕೆ 2010ರಲ್ಲಿ ಬಂತು ಎಂದು ಹಲವರು ತಿಳಿದಿದ್ದಾರೆ. ಕೊಡಗಿನವರನ್ನು ಕೇಳಿ ನೋಡಿ. ಮಾಜಿ ಸೈನಿಕರ ಮನೆ ಮುಂದೆ, ಕಾಫಿ ತೋಟದ ಏರುದಾರಿಯಲ್ಲಿ ಕಾಣುವ ಜೊಂಗಾ ಜೀಪು ಯಾರದು? ಅದು ನಿಸಾನ್ ಪಟ್ರೋಲ್ ಎಂಬ ಗಾಡಿಯದೇ ನಮೂನೆ. ಲೈಸೆನ್ಸ್ ಪಡೆದು ಜಬಲ್‌ಪುರದ ಸೈನ್ಯದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಸೈನ್ಯ ಹರಾಜು ಹಾಕಿದಾಗ ಮಲೆನಾಡಿಗೆ ಬಂತು. ಇನ್ನು ಬೀದರಿನವರು ಹೈದರಾಬಾದಿಗೆ ಹೋಗುವಾಗ ಸಿಗುವ ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಆಲ್ವಿನ್ ನಿಸಾನ್ ಎಂಬ ಸಣ್ಣ ಲಾರಿ ತಯಾರಾಗುತ್ತಿತ್ತು. ಆ ಘಟಕ ಕೊನೆಗೆ ಮಹೀಂದ್ರ ಪಾಲಾಯಿತು.

ಮೂರನೇ ಸಲ ಬಂದದ್ದು ಚೆನ್ನೈಗೆ. ಅಷ್ಟರಲ್ಲಿ ನಿಸಾನ್ ಸ್ವತಃ ಸಾಲದಲ್ಲಿ ಮುಳುಗಿ, 1999ರಲ್ಲಿ ಫ್ರಾನ್ಸಿನ ರೆನೋ ಕೈ ಹಿಡಿದಿತ್ತು. 2008ರಲ್ಲಿ ತಮಿಳುನಾಡು ಸರ್ಕಾರದೊಂದಿಗೆ ಒಪ್ಪಂದವಾಯಿತು, 2010ರ ಮಾರ್ಚ್‌ನಲ್ಲಿ ಒರಗಡಂ ಕಾರ್ಖಾನೆ ಉದ್ಘಾಟನೆಯಾಯಿತು. ಹೂಡಿಕೆ 4,500 ಕೋಟಿ ರೂಪಾಯಿ, ವರ್ಷಕ್ಕೆ 4 ಲಕ್ಷ ಕಾರು ಮಾಡುವ ಗುರಿ. ಮೊದಲು ಹೊರಬಂದದ್ದು ಮೈಕ್ರಾ. ಅದು ಎಣ್ಣೂರಿನ ಬಂದರಿನಿಂದ ಹಡಗು ಹತ್ತಿ ಯುರೋಪಿಗೆ ಹೋಯಿತು. ಆಸ್ಟಿನ್ ಜೋಡಿಸುತ್ತಿದ್ದ ಅದೇ ಎಣ್ಣೂರು! 2022ರ ಹೊತ್ತಿಗೆ ನಿಸಾನ್ ಭಾರತದಿಂದ ರಫ್ತು ಮಾಡಿದ ವಾಹನಗಳ ಸಂಖ್ಯೆ 10 ಲಕ್ಷ ಮುಟ್ಟಿತು.

ಆಗ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಕಾರ್ಲೋಸ್ ಘೋನ್‌ಗೆ ಹಳೆಯ ಸೂರ್ಯನ ನೆನಪಾಯಿತು. ಭಾರತ, ಇಂಡೋನೇಷ್ಯಾ, ರಷ್ಯಾದಂಥ ದೇಶಗಳಲ್ಲಿ ಮೊದಲ ಕಾರು ಕೊಳ್ಳುವವರಿಗಾಗಿ ಅಗ್ಗದ ದಟ್ಸನ್ ತರುತ್ತೇವೆಂದು 2012ರಲ್ಲಿ ಹೇಳಿದ. 2013ರ ಜುಲೈನಲ್ಲಿ ದೆಹಲಿಯಲ್ಲಿ ದಟ್ಸನ್ ಗೋ ಅನಾವರಣಗೊಂಡಿತು. 2014ರಲ್ಲಿ ಒರಗಡಂನಿಂದ ಮಾರಾಟಕ್ಕೆ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಆಗಿನ ಅಗ್ಗದ ಕಾರುಗಳಲ್ಲಿ ಸೊನ್ನೆ ಪಡೆದದ್ದು ಅದೊಂದೇ ಅಲ್ಲ. ಆದರೆ ಹೊಸದಾಗಿ ಬಂದ ಹೆಸರಿಗೆ ಬಿದ್ದ ಪೆಟ್ಟು ಮಾತ್ರ ಜೋರಾಗಿತ್ತು. ನಮ್ಮ ಜನ ಅಗ್ಗದ ಕಾರು ಕೇಳುತ್ತಾರೆ ನಿಜ, ಅಗ್ಗದವರು ಎನ್ನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಮೊದಲ ಕಾರು ಎಂದರೆ ಮನೆ ಮಂದಿಯೆಲ್ಲ ಪೂಜೆ ಮಾಡಿ, ನಿಂಬೆಹಣ್ಣು ಇಟ್ಟು ಹತ್ತಿಸುವ ಕನಸು. ಅದನ್ನು ಯೊಕೊಹಾಮಾದ ಲೆಕ್ಕಾಚಾರ ಹಿಡಿಯಲಿಲ್ಲ.

2018ರಲ್ಲಿ ಘೋನ್ ಜಪಾನಿನಲ್ಲಿ ಬಂಧನಕ್ಕೊಳಗಾದ. 2020ರಲ್ಲಿ ಇಂಡೋನೇಷ್ಯಾ, ರಷ್ಯಾಗಳಲ್ಲಿ ದಟ್ಸನ್ ನಿಂತಿತು. ಉಳಿದದ್ದು ಒರಗಡಂ. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಅಲ್ಲಿನ ಕಾರ್ಮಿಕರು ಅಂತರ ಕಾಯ್ದುಕೊಳ್ಳಲು ಆಗುತ್ತಿಲ್ಲ ಎಂದು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕಾರ್ಖಾನೆ ಕೆಲವು ದಿನ ನಿಂತಿತು. 2022ರ ಏಪ್ರಿಲ್‌ನಲ್ಲಿ ರೆಡಿ-ಗೋ ತಯಾರಿಕೆ ನಿಲ್ಲಿಸಿದ್ದೇವೆ ಎಂಬ ಪ್ರಕಟಣೆ ಬಂತು. ಈಗಿರುವ ಗಾಡಿಗಳಿಗೆ ಬಿಡಿಭಾಗ, ಸರ್ವಿಸ್ ಮುಂದುವರಿಯುತ್ತದೆ ಎಂದೂ ಹೇಳಿದರು. ಡೆನ್, ಅಒಯಾಮಾ, ಟಕೆಯುಚಿ ಎಂಬ ಮೂವರ ಅಕ್ಷರಗಳನ್ನು ಹೊತ್ತ ಕೊನೆಯ ಕಾರಿಗೆ ಬೋಲ್ಟು ಬಿಗಿದದ್ದು ತಮಿಳು ನೆಲದ ಕೈಗಳು. 2025ರಲ್ಲಿ ರೆನೋ, ನಿಸಾನ್‌ನ ಪಾಲನ್ನೂ ಕೊಂಡು ಕಾರ್ಖಾನೆಯನ್ನು ಪೂರ್ತಿ ತನ್ನದಾಗಿಸಿಕೊಂಡಿತು. ನಿಸಾನ್ ಮ್ಯಾಗ್ನೈಟ್ ಈಗಲೂ ಅಲ್ಲೇ ತಯಾರಾಗುತ್ತದೆ, ಆದರೆ ಒಡೆತನ ಬೇರೆಯವರದು.

ಈ ಕತೆಯನ್ನೆಲ್ಲ ಒಂದು ಭಾನುವಾರ ರಾಯರಿಗೆ ಹೇಳಿದೆ. ಅವರು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ಹಾಗಾದರೆ ಸಾಲ ಕೊಟ್ಟವರ ಹೆಸರು ನನ್ನ ಕಾರಿನ ಮೇಲಿದೆ ಅನ್ನು. ಮೂವತ್ತೈದು ವರ್ಷ ಸಾಲ ಕೊಡುವ ಕೆಲಸ ಮಾಡಿದೆ, ನನ್ನ ಹೆಸರನ್ನು ಯಾವನೂ ಎಲ್ಲೂ ಬರೆಸಲಿಲ್ಲ ನೋಡು!" ಎಂದು ಗಟ್ಟಿಯಾಗಿ ನಕ್ಕರು.

ಅವರ ಕೆಂಪು ಕಾರು ಇವತ್ತಿಗೂ ಓಡುತ್ತಿದೆ. ದಸರೆಗೆ ಮೈಸೂರಿಗೆ ಅದರಲ್ಲೇ ಹೋಗುತ್ತಾರೆ. ಆಯುಧಪೂಜೆಯ ದಿನ ಮೂತಿಯ ಮೇಲಿನ ಆ ಹೆಸರಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ. ಮುಂದಿನ ಸಲ ಶ್ರೀಪೆರಂಬದೂರು ದಾಟುವಾಗ ಎಚ್ಚರವಿದ್ದರೆ, ಒರಗಡಂ ಕಡೆಗೆ ತಿರುಗುವ ದಾರಿಯತ್ತ ಒಮ್ಮೆ ಕಣ್ಣು ಹಾಯಿಸಿ.